ಕೌಂಟಿ ನ್ಯಾಯಾಧೀಶರ ಬಳಿ ಒಂದು ವರ್ಷ: ನ್ಯೂಜೆರ್ಸಿಯ ಲಾ ಕ್ಲರ್ಕ್ ಹುದ್ದೆಯನ್ನು ಪಡೆಯುವ ಮತ್ತು ಬಳಸಿಕೊಳ್ಳುವ ಬಗೆ

ಅಮೆರಿಕದಲ್ಲಿ ಮೂರು ವರ್ಷದ ಕಾನೂನು ಪದವಿ (ಜೆಡಿ) ಓದುತ್ತಿರುವ ಕನ್ನಡಿಗ ವಿದ್ಯಾರ್ಥಿಗಳಲ್ಲಿ, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಿಯರಲ್ಲಿ, ಓದು ಮುಗಿಯುತ್ತಲೇ ನ್ಯೂಯಾರ್ಕಿನ ದೊಡ್ಡ ಲಾ ಫರ್ಮೊಂದರಲ್ಲಿ ಕೆಲಸ ಸಿಗಬೇಕೆಂಬ ಎಣಿಕೆ ಇರುತ್ತದೆ. ಅಂಥ ಫರ್ಮುಗಳಲ್ಲಿ ಮೊದಲ ವರ್ಷದ ವಕೀಲರ ವಾರ್ಷಿಕ ಸಂಬಳವೇ 2,25,000 ಡಾಲರಿಗೆ ಏರಿರುವಾಗ ಆ ಎಣಿಕೆಯನ್ನು ಯಾರೂ ತಪ್ಪೆನ್ನಲಾರರು. ಆದರೆ ಅಲ್ಲಿಗೆ ಸೇರುವ ಅವಕಾಶ ಎಲ್ಲರಿಗೂ ಒದಗುವುದಿಲ್ಲ, ಒದಗಿದವರಲ್ಲಿಯೂ ಅನೇಕರು ಮೊದಲ ಕೆಲವು ವರ್ಷ ಕೋರ್ಟಿನ ಮೆಟ್ಟಿಲನ್ನೇ ಹತ್ತುವುದಿಲ್ಲ. ನ್ಯಾಯಾಲಯದಲ್ಲಿ ನಿಂತು ಮೊಕದ್ದಮೆ ನಡೆಸುವ ವಕೀಲರಾಗಬೇಕು ಎಂಬ ಆಸೆ ಉಳ್ಳವರು ಮೊದಲ ವರ್ಷವನ್ನು ಜಿಲ್ಲಾ ಮಟ್ಟದ ವಿಚಾರಣಾ ನ್ಯಾಯಾಧೀಶರೊಬ್ಬರ ಛೇಂಬರಿನಲ್ಲಿ ಲಾ ಕ್ಲರ್ಕ್ ಆಗಿ ಕಳೆಯುವುದು ಹೆಚ್ಚು ಲಾಭಕರ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಈ ಲಾಭ ತಾನಾಗಿ ಬರುವಂಥದಲ್ಲ. ಯಾವ ಊರಿನ ಕೋರ್ಟು, ಯಾವ ವಿಭಾಗ, ಎಂಥ ನ್ಯಾಯಾಧೀಶರು ಎಂಬ ಆಯ್ಕೆಯನ್ನು ಅದು ಅವಲಂಬಿಸಿದೆ.

ಮೊದಲಿಗೆ ಈ ಹುದ್ದೆಯ ಸ್ವರೂಪವನ್ನು ತಿಳಿಯಬೇಕು. ನಮ್ಮ ಜಿಲ್ಲಾ ನ್ಯಾಯಾಲಯಗಳಲ್ಲಿ ಕಾಣುವ ಶಿರಸ್ತೇದಾರರ ಅಥವಾ ಬೆಂಚ್ ಕ್ಲರ್ಕರ ಕೆಲಸ ಇದಲ್ಲ. ಕಡತ, ಹಾಜರಾತಿ, ಸಾಕ್ಷ್ಯದ ಗುರುತು ಹಾಕುವುದು ಮುಂತಾದವಕ್ಕೆ ಅಮೆರಿಕದಲ್ಲಿಯೂ ಬೇರೆ ಸಿಬ್ಬಂದಿ ಇದ್ದಾರೆ. ಲಾ ಕ್ಲರ್ಕ್ ಎಂದರೆ ಕಾನೂನು ಪದವಿ ಮುಗಿಸಿ ನ್ಯಾಯಾಧೀಶರಿಗೆ ಸಂಶೋಧನೆಯಲ್ಲಿಯೂ ಆದೇಶಗಳ ಕರಡು ಸಿದ್ಧಪಡಿಸುವುದರಲ್ಲಿಯೂ ನೆರವಾಗುವ ಸಹಾಯಕ. ಕರ್ನಾಟಕದಲ್ಲಿ ಹೈಕೋರ್ಟ್ ನ್ಯಾಯಮೂರ್ತಿಗಳಿಗೆ ಇಂಥ ಸಹಾಯಕರಿದ್ದಾರೆ, ದೆಹಲಿಯಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೂ ಇದ್ದಾರೆ. ತಾಲ್ಲೂಕು ಅಥವಾ ಜಿಲ್ಲಾ ನ್ಯಾಯಾಧೀಶರು ಮಾತ್ರ ತಮ್ಮ ತೀರ್ಪನ್ನು ತಾವೇ ಸ್ಟೆನೋಗ್ರಾಫರಿಗೆ ಹೇಳಿ ಬರೆಸುವುದು ರೂಢಿ. ಅಮೆರಿಕದಲ್ಲಿಯೂ ಎಲ್ಲ ರಾಜ್ಯಗಳ ಪದ್ಧತಿ ಒಂದೇ ಅಲ್ಲ. ಕ್ಯಾಲಿಫೋರ್ನಿಯಾದ ವಿಚಾರಣಾ ನ್ಯಾಯಾಲಯಗಳು ಹೆಚ್ಚಾಗಿ ಕಾಯಂ ಸಂಶೋಧನಾ ವಕೀಲರನ್ನು ಇಟ್ಟುಕೊಳ್ಳುತ್ತವೆ. ನ್ಯೂಯಾರ್ಕಿನಲ್ಲಿ ವಿಚಾರಣಾ ನ್ಯಾಯಾಲಯಕ್ಕೇ ಸುಪ್ರೀಂ ಕೋರ್ಟ್ ಎಂಬ ಹೆಸರಿದ್ದು (ಹೊಸಬರನ್ನು ದಾರಿತಪ್ಪಿಸಲೆಂದೇ ಇಟ್ಟಂತಿದೆ), ಅಲ್ಲಿನ ಲಾ ಕ್ಲರ್ಕುಗಳಲ್ಲಿ ಅನೇಕರು ಹಲವು ವರ್ಷ ಅದೇ ಹುದ್ದೆಯಲ್ಲಿ ಇರುತ್ತಾರೆ. ಹೊಸ ಪದವೀಧರರಿಗೆ ಒಂದು ವರ್ಷದ ಅವಧಿಗೆ ಈ ಅವಕಾಶ ಧಾರಾಳವಾಗಿ ಸಿಗುವ ರಾಜ್ಯಗಳಲ್ಲಿ ನ್ಯೂಜೆರ್ಸಿ ಮುಖ್ಯವಾದದ್ದು. ಎಡಿಸನ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಅದು ಮನೆಯ ಊರೇ ಆದ್ದರಿಂದ, ಇಲ್ಲಿಂದ ಮುಂದೆ ಆ ರಾಜ್ಯವನ್ನೇ ಇಟ್ಟುಕೊಂಡು ವಿವರಿಸುತ್ತೇನೆ.

ನ್ಯೂಜೆರ್ಸಿಯ 21 ಕೌಂಟಿಗಳನ್ನು (ನಮ್ಮ ಜಿಲ್ಲೆಗಳಂಥವು) ನ್ಯಾಯಾಡಳಿತಕ್ಕಾಗಿ 15 ವಲಯಗಳಾಗಿ ವಿಂಗಡಿಸಲಾಗಿದೆ. ಎಲ್ಲ ಕೌಂಟಿಗಳಲ್ಲಿಯೂ ಮೂಲ ದಾವೆಗಳನ್ನು ನಡೆಸುವುದು ಸುಪೀರಿಯರ್ ಕೋರ್ಟ್. ಎಡಿಸನ್ನಿನವರ ಮೊಕದ್ದಮೆ ನ್ಯೂ ಬ್ರನ್ಸ್‌ವಿಕ್‌ನಲ್ಲಿರುವ ಮಿಡ್ಲ್‌ಸೆಕ್ಸ್ ಕೌಂಟಿ ಕೋರ್ಟಿಗೂ, ಜೆರ್ಸಿ ಸಿಟಿಯವರದು ಹಡ್ಸನ್ ಕೌಂಟಿ ಕೋರ್ಟಿಗೂ ಹೋಗುತ್ತದೆ. ಈ ಕೋರ್ಟಿನ ನ್ಯಾಯಾಧೀಶರನ್ನು ಜನ ಚುನಾಯಿಸುವುದಿಲ್ಲ. ಗವರ್ನರ್ ನಾಮಕರಣ ಮಾಡಿ ಸೆನೆಟ್ ಒಪ್ಪಿದ ಮೇಲೆ ಮೊದಲು 7 ವರ್ಷ, ಮರುನೇಮಕವಾದರೆ 70ರ ವಯಸ್ಸಿನವರೆಗೆ ಅವರು ಪೀಠದಲ್ಲಿರುತ್ತಾರೆ. ನ್ಯಾಯಾಧೀಶರು ತಮ್ಮ ಲಾ ಕ್ಲರ್ಕನ್ನು ತಾವೇ ಆರಿಸಿಕೊಳ್ಳುತ್ತಾರೆ. ಅವಧಿ ಸಾಮಾನ್ಯವಾಗಿ ಸೆಪ್ಟೆಂಬರ್ ಆರಂಭದಿಂದ ಮರುವರ್ಷದ ಆಗಸ್ಟ್ ಕೊನೆಯವರೆಗೆ. ಜುಲೈ ಕೊನೆಯಲ್ಲಿ ವಕೀಲಿಕೆಯ ಅರ್ಹತೆಗೆ ಬೇಕಾದ ಬಾರ್ ಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾಯುತ್ತಿರುವಾಗಲೇ ಕೆಲಸಕ್ಕೆ ಸೇರಿಕೊಳ್ಳಬಹುದಾದ್ದರಿಂದ ಹೊಸ ಪದವೀಧರರಿಗೆ ಈ ವೇಳಾಪಟ್ಟಿ ಚೆನ್ನಾಗಿ ಹೊಂದುತ್ತದೆ.

ಕೆಲಸದ ಸಾರ ಎಲ್ಲಿದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಮುಂದಿನ ವೃತ್ತಿಗೆ ಬೆಲೆ ಬರುವುದು ಅಲ್ಲಿಂದಲೇ. ಸಿವಿಲ್ ವಿಭಾಗದಲ್ಲಿ ಮಧ್ಯಂತರ ಅರ್ಜಿಗಳು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಶುಕ್ರವಾರದಂದು ವಿಚಾರಣೆಗೆ ಬರುತ್ತವೆ. ಅದಕ್ಕೆ ಮುಂಚಿನ ದಿನಗಳಲ್ಲಿ ಲಾ ಕ್ಲರ್ಕ್ ಒಂದೊಂದು ಅರ್ಜಿಯ ಎರಡೂ ಕಡೆಯ ಲಿಖಿತ ವಾದವನ್ನು ಓದಿ, ಅವರು ಉಲ್ಲೇಖಿಸಿದ ತೀರ್ಪುಗಳು ನಿಜವಾಗಿಯೂ ಅವರು ಹೇಳಿದ ಮಾತನ್ನೇ ಹೇಳುತ್ತವೆಯೇ ಎಂದು ಪರಿಶೀಲಿಸಿ, ನ್ಯಾಯಾಧೀಶರಿಗೆ ಕೆಲವು ಪುಟಗಳ ಟಿಪ್ಪಣಿ ಬರೆದುಕೊಡಬೇಕು. ವಿಚಾರಣೆಯಿಲ್ಲದೆ ದಾವೆಯನ್ನು ಇತ್ಯರ್ಥಪಡಿಸಿ ಎನ್ನುವ ಅರ್ಜಿಯಾದರೆ, ನಿಜವಾಗಿ ವಿವಾದದಲ್ಲಿರುವ ಸಂಗತಿ ಯಾವುದು, ವಿವಾದವೆಂದು ತೋರಿಸಿಕೊಂಡಿರುವುದು ಯಾವುದು ಎಂದು ಬೇರ್ಪಡಿಸಬೇಕು. ಹೀಗೆ ತಿಂಗಳಾನುಗಟ್ಟಲೆ ಮಾಡಿದವರಿಗೆ ಲಿಖಿತ ವಾದದ ಮೊದಲ ಎರಡು ಪುಟದಲ್ಲಿಯೇ ಅದರ ಬಲಾಬಲ ಗೋಚರಿಸತೊಡಗುತ್ತದೆ. ಮುಂದೆ ತಾವೇ ವಾದಪತ್ರ ಬರೆಯುವಾಗ, ಶುಕ್ರವಾರದ ರಾಶಿಯ ನಡುವೆ ಅದನ್ನು ಓದಲಿರುವ ದಣಿದ ಕಣ್ಣುಗಳು ಅವರಿಗೆ ನೆನಪಿರುತ್ತವೆ. ಕಾಲೇಜಿನ ಯಾವ ತರಗತಿಯೂ ಇದನ್ನು ಕಲಿಸಲಾರದು.

ಎರಡನೆಯದು, ಸಂಗತಿಯಿಂದ ತೀರ್ಪಿನವರೆಗಿನ ದಾರಿ. ಜೂರಿ, ಅಂದರೆ ಸಂಗತಿಗಳನ್ನು ನಿರ್ಣಯಿಸುವ ಸಾಮಾನ್ಯ ನಾಗರಿಕರ ಮಂಡಳಿ, ಇಲ್ಲದ ಪ್ರಕರಣಗಳಲ್ಲಿ ನ್ಯಾಯಾಧೀಶರು ತಾವು ಕಂಡುಕೊಂಡ ಸಂಗತಿಗಳನ್ನೂ ಅವುಗಳಿಂದ ತಲುಪಿದ ಕಾನೂನಿನ ನಿರ್ಣಯವನ್ನೂ ಸ್ಪಷ್ಟವಾಗಿ ದಾಖಲಿಸಬೇಕೆಂದು ಆ ರಾಜ್ಯದ ನ್ಯಾಯಾಲಯ ನಿಯಮ 1:7-4 ವಿಧಿಸುತ್ತದೆ. ಕುಟುಂಬ ವಿಭಾಗದ ಗೃಹ ಹಿಂಸೆ ಪ್ರಕರಣವನ್ನು ತೆಗೆದುಕೊಳ್ಳಿ. ತಾತ್ಕಾಲಿಕ ರಕ್ಷಣಾ ಆದೇಶ ಹೊರಟ ಮೇಲೆ ಅಂತಿಮ ವಿಚಾರಣೆಯನ್ನು 10 ದಿನಗಳೊಳಗೆ ನಿಗದಿಪಡಿಸಬೇಕು; 2006ರ ಸಿಲ್ವರ್ ಪ್ರಕರಣದ ತೀರ್ಪಿನಂತೆ, ಕಾನೂನು ಪಟ್ಟಿ ಮಾಡಿರುವ ಕೃತ್ಯವೊಂದು ನಡೆದಿದೆಯೇ ಎಂಬುದು ಮೊದಲ ಪ್ರಶ್ನೆ, ಮುಂದಿನ ಹಿಂಸೆಯನ್ನು ತಡೆಯಲು ಅಂತಿಮ ಆದೇಶ ಅಗತ್ಯವೇ ಎಂಬುದು ಎರಡನೆಯ ಪ್ರಶ್ನೆ. ಇಬ್ಬರೇ ಸಾಕ್ಷಿಗಳು, ಇಬ್ಬರದೂ ಪರಸ್ಪರ ವಿರುದ್ಧ ಹೇಳಿಕೆ, ಹಲವು ಸಲ ಒಬ್ಬರಿಗೂ ವಕೀಲರಿಲ್ಲ. ಯಾರ ಮಾತನ್ನು ಏಕೆ ನಂಬಿದೆ ಎಂದು ನ್ಯಾಯಾಧೀಶರು ಹೇಗೆ ಪದಗಳಲ್ಲಿ ಇಡುತ್ತಾರೆ ಎಂಬುದನ್ನು ಪಕ್ಕದಲ್ಲಿ ಕುಳಿತು ನೋಡುವುದು, ಮೇಲ್ಮನವಿ ನ್ಯಾಯಾಲಯದ ಲಾ ಕ್ಲರ್ಕಿಗೆ ಒದಗದ ಶಿಕ್ಷಣ. ಅಲ್ಲಿಗೆ ತಲುಪುವುದು ಕಾಗದದ ದಾಖಲೆ ಮಾತ್ರ. ಸಾಕ್ಷಿ ತಡವರಿಸಿದ್ದು, ವಕೀಲರು ಕೇಳಬಾರದ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿ ಪಾಟೀಸವಾಲನ್ನು ಕೆಡಿಸಿಕೊಂಡದ್ದು ಕಾಣುವುದು ಇಲ್ಲಿ.

ಜೂರಿ ವಿಚಾರಣೆಯಂತೂ ಭಾರತದ ಕಾನೂನು ಓದಿ ಹೋದವರಿಗೆ ಪೂರ್ತಿ ಹೊಸದು, ಏಕೆಂದರೆ ನಮ್ಮಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆ ಜೂರಿಗೆ ಜಾಗವನ್ನೇ ಉಳಿಸಲಿಲ್ಲ. ಜೂರಿಯವರಿಗೆ ನ್ಯಾಯಾಧೀಶರು ಓದಿ ಹೇಳುವ ಕಾನೂನು ಸೂಚನೆಗಳಿಗೆ ಅಲ್ಲಿ ಮಾದರಿ ಪಾಠಗಳಿದ್ದು, ಅವನ್ನು ಪ್ರಕರಣಕ್ಕೆ ತಕ್ಕಂತೆ ಜೋಡಿಸಿ ತಿದ್ದುವ ಕೆಲಸ ಹೆಚ್ಚಾಗಿ ಲಾ ಕ್ಲರ್ಕಿನದೇ. ಇನ್ನು ಸಂಧಾನ. 2022ರ ಜುಲೈನಿಂದ 20,000 ಡಾಲರಿನವರೆಗಿನ ದಾವೆಗಳು ವಿಶೇಷ ಸಿವಿಲ್ ವಿಭಾಗಕ್ಕೆ, ಅವುಗಳಲ್ಲಿ 5,000 ಡಾಲರಿನವರೆಗಿನವು ಸಣ್ಣ ಹಕ್ಕೊತ್ತಾಯ ಶಾಖೆಗೆ ಹೋಗುತ್ತವೆ. ಇಂಥ ಸಣ್ಣ ದಾವೆಗಳಲ್ಲಿ ತರಬೇತಿ ಪಡೆದ ಲಾ ಕ್ಲರ್ಕುಗಳೇ ಸಂಧಾನಕಾರರಾಗಿ ಕೂರುವ ಪದ್ಧತಿ ನ್ಯೂಜೆರ್ಸಿಯಲ್ಲಿದೆ. ಬಾಡಿಗೆ ಮುಂಗಡ ಹಿಂದಿರುಗಿಸದ ಮನೆ ಮಾಲೀಕ, ಕಾರು ಸರಿಯಾಗಿ ರಿಪೇರಿ ಮಾಡದ ಗ್ಯಾರೇಜಿನವ ಇಂಥವರನ್ನು ಒಂದೇ ಮೇಜಿನ ಸುತ್ತ ಕೂರಿಸಿ ರಾಜಿಗೆ ತರುವ ಅಭ್ಯಾಸ ಇಪ್ಪತ್ತೈದರ ವಯಸ್ಸಿನಲ್ಲಿ ಬೇರೆ ಯಾವ ಕೆಲಸದಲ್ಲಿಯೂ ಸಿಗಲಾರದು. ಬಹುಪಾಲು ದಾವೆಗಳು ಕೊನೆಗೆ ರಾಜಿಯಲ್ಲಿಯೇ ಮುಗಿಯುವ ದೇಶದಲ್ಲಿ ಇದು ಸಣ್ಣ ಗಳಿಕೆಯಲ್ಲ.

ಈಗ ಆಯ್ಕೆಯ ವಿಚಾರ. ಮೊದಲ ಸೂತ್ರ ಇದು: ಮುಂದೆ ಎಲ್ಲಿ ವಕೀಲಿಕೆ ಮಾಡುವಿರೋ ಆ ಕೌಂಟಿಗೆ ಅಥವಾ ಅದರ ಪಕ್ಕದ ಕೌಂಟಿಗೆ ಅರ್ಜಿ ಹಾಕಿ. ಈ ಹುದ್ದೆಯ ಮಾರುಕಟ್ಟೆ ಬೆಲೆ ಸ್ಥಳೀಯವಾದದ್ದು. ಮಿಡ್ಲ್‌ಸೆಕ್ಸಿನ ಮಧ್ಯಮ ಗಾತ್ರದ ಫರ್ಮೊಂದಕ್ಕೆ ಅಲ್ಲಿನ ನ್ಯಾಯಾಧೀಶರ ಹೆಸರು, ಅವರ ಶಿಸ್ತು, ಅವರು ಕೊಡುವ ಶಿಫಾರಸಿನ ತೂಕ ಎಲ್ಲವೂ ಗೊತ್ತಿರುತ್ತದೆ. ಟೆಕ್ಸಾಸಿನ ಫರ್ಮಿಗೆ ಅದು ಕೇವಲ ಅರ್ಜಿಯಲ್ಲಿನ ಒಂದು ಸಾಲು. ಕೌಂಟಿಯ ಸರ್ಕಾರಿ ಅಭಿಯೋಜಕರ ಕಚೇರಿ, ಬಡ ಆರೋಪಿಗಳ ಪರ ವಾದಿಸುವ ಪಬ್ಲಿಕ್ ಡಿಫೆಂಡರ್ ಕಚೇರಿ, ವಿಮಾ ದಾವೆಗಳ ವಕೀಲರು, ವಿವಾಹ ವಿಚ್ಛೇದನದ ವಕೀಲರು ಹೊಸಬರನ್ನು ತೆಗೆದುಕೊಳ್ಳುವಾಗ ಇಂಥ ಅನುಭವವನ್ನು ಹುಡುಕಿಯೇ ಹುಡುಕುತ್ತಾರೆ. ಇದಕ್ಕೆ ಪ್ರತಿಯಾಗಿ, ಕಂಪನಿಗಳ ವಿಲೀನದಂಥ ವಹಿವಾಟಿನ ಕೆಲಸ ಬಯಸುವವರಿಗೆ ಕೌಂಟಿ ಕೋರ್ಟಿನ ಒಂದು ವರ್ಷದಿಂದ ಹೇಳಿಕೊಳ್ಳುವ ಪ್ರಯೋಜನವಿಲ್ಲ. ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟಿನಲ್ಲಿ ಕ್ಲರ್ಕ್ ಆಗಿದ್ದವರಿಗೆ ದೊಡ್ಡ ಫರ್ಮುಗಳು ಕೊಡುವ ಭಾರಿ ಬೋನಸ್ ಕೂಡ ರಾಜ್ಯದ ವಿಚಾರಣಾ ನ್ಯಾಯಾಲಯದಿಂದ ಬಂದವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಮೇಲ್ಮನವಿ ವಕೀಲಿಕೆಯ ಗುರಿಯುಳ್ಳವರು ಇದನ್ನು ಮೊದಲ ಮೆಟ್ಟಿಲಾಗಿಸಿಕೊಂಡು, ಎರಡನೆಯ ವರ್ಷ ಮೇಲ್ಮನವಿ ವಿಭಾಗಕ್ಕೋ ಫೆಡರಲ್ ನ್ಯಾಯಾಧೀಶರೊಬ್ಬರಿಗೋ ಅರ್ಜಿ ಹಾಕುವುದುಂಟು.

ವಿಭಾಗದ ಬಗ್ಗೆ ಅತಿಯಾಗಿ ತಲೆ ಕೆಡಿಸಿಕೊಳ್ಳಬೇಡಿ, ಆದರೆ ಕೇಳಿ ತಿಳಿದುಕೊಳ್ಳಿ. ಅಪರಾಧ ವಿಭಾಗದಲ್ಲಿ 2017ರ ಜನವರಿ 1ರಿಂದ ಹಣದ ಜಾಮೀನು ಬಹುಮಟ್ಟಿಗೆ ಇಲ್ಲವಾಗಿದ್ದು, ಆರೋಪಿಯನ್ನು ಬಂಧನದಲ್ಲಿ ಇಡಬೇಕೇ ಬೇಡವೇ ಎಂಬ ವಿಚಾರಣೆಗಳೇ ಕೆಲಸದ ದೊಡ್ಡ ಭಾಗ. ಅಭಿಯೋಜಕರಾಗಬೇಕೆನ್ನುವವರಿಗೆ ಅದು ಸೂಕ್ತ. ಹಣದ ಪರಿಹಾರಕ್ಕಿಂತ ಬೇರೆ ಬಗೆಯ ಪರಿಹಾರ ಕೇಳುವ ದಾವೆಗಳನ್ನು ನೋಡುವ ಚಾನ್ಸರಿ ವಿಭಾಗದ ಸಾಮಾನ್ಯ ಈಕ್ವಿಟಿ ಶಾಖೆಯಲ್ಲಿ ಪಾಲುದಾರಿಕೆ ಜಗಳ, ತಡೆಯಾಜ್ಞೆ, ಅಡಮಾನದ ಮೊಕದ್ದಮೆಗಳು ಬರುತ್ತವೆ ಮತ್ತು ಬರವಣಿಗೆ ಹೆಚ್ಚು. ಹೊಸದಾಗಿ ನೇಮಕವಾದ ನ್ಯಾಯಾಧೀಶರನ್ನು ಸಾಮಾನ್ಯವಾಗಿ ಮೊದಲು ಕುಟುಂಬ ವಿಭಾಗಕ್ಕೆ ಹಾಕುತ್ತಾರೆ, ನಡುವೆ ವರ್ಗಾವಣೆಯೂ ಆಗಬಹುದು. ಆದ್ದರಿಂದ ವಿಭಾಗವನ್ನು ನಂಬಿ ಸೇರಿದವರಿಗಿಂತ ನ್ಯಾಯಾಧೀಶರನ್ನು ನೋಡಿ ಸೇರಿದವರೇ ಮುಂದೆ ಸಮಾಧಾನದಿಂದ ಇರುತ್ತಾರೆ.

ನ್ಯಾಯಾಧೀಶರನ್ನು ಅರಿಯುವ ದಾರಿ ಸುಲಭವಾಗಿದೆ, ಆದರೂ ಬಹಳ ಅಭ್ಯರ್ಥಿಗಳು ಅದನ್ನು ಬಳಸುವುದಿಲ್ಲ. ವಿಚಾರಣೆಗಳು ಸಾಮಾನ್ಯವಾಗಿ ಸಾರ್ವಜನಿಕವಾಗಿ ನಡೆಯುತ್ತವೆ. ಒಂದು ಶುಕ್ರವಾರ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತರೆ, ವಕೀಲರಿಲ್ಲದ ಬಡ ಕಕ್ಷಿದಾರನೊಂದಿಗೆ ಅವರು ಹೇಗೆ ಮಾತನಾಡುತ್ತಾರೆ, ಸಿಬ್ಬಂದಿಯ ಮೇಲೆ ಸಿಡುಕುತ್ತಾರೆಯೇ, ಕಡತ ಓದಿಕೊಂಡು ಬಂದಿದ್ದಾರೆಯೇ ಎಂಬುದೆಲ್ಲ ತಿಳಿಯುತ್ತದೆ. ಅವರ ಬಳಿ ಹಿಂದೆ ಕೆಲಸ ಮಾಡಿದ ಇಬ್ಬರನ್ನಾದರೂ ನಿಮ್ಮ ಕಾಲೇಜಿನ ಉದ್ಯೋಗ ಕಚೇರಿಯ ಮೂಲಕ ಪತ್ತೆಹಚ್ಚಿ ಮಾತನಾಡಿ. ಕರಡನ್ನು ತಿದ್ದಿ ವಿವರಿಸುತ್ತಿದ್ದರೇ, ಅಥವಾ ಬದಲಿಸಿ ಸುಮ್ಮನಾಗುತ್ತಿದ್ದರೇ ಎಂದು ಕೇಳಿ. ಇಡೀ ವರ್ಷದ ಕಲಿಕೆ ಈ ಒಂದು ಉತ್ತರದ ಮೇಲೆ ನಿಂತಿದೆ. ಚಿಕ್ಕ ಕಚೇರಿ, ಒಬ್ಬರೇ ಮೇಲಧಿಕಾರಿ, ಮುಂದಿನ ಶಿಫಾರಸೂ ಅವರದೇ ಎಂಬ ಪರಿಸ್ಥಿತಿಯಲ್ಲಿ ಸ್ವಭಾವ ಹೊಂದದಿದ್ದರೆ ತೊಂದರೆ ಅನುಭವಿಸುವವರು ಲಾ ಕ್ಲರ್ಕೇ ಆಗಿರುತ್ತಾರೆ.

ಅರ್ಜಿಗೆ ಮನವಿ ಪತ್ರ, ಸ್ವವಿವರ, ಅಂಕಪಟ್ಟಿ, ಬರವಣಿಗೆಯ ಮಾದರಿ, ಶಿಫಾರಸು ಮಾಡುವವರ ಹೆಸರುಗಳು ಬೇಕಾಗುತ್ತವೆ. ಎರಡನೆಯ ವರ್ಷದ ಕೊನೆ ಮತ್ತು ಮೂರನೆಯ ವರ್ಷದ ಆರಂಭ ಅರ್ಜಿಗೆ ತಕ್ಕ ಕಾಲ. ಕೆಲವರು ಬಹಳ ಮೊದಲೇ, ಇನ್ನು ಕೆಲವರು ಕೊನೆಯ ವಸಂತದಲ್ಲಿ ಆರಿಸಿಕೊಳ್ಳುವುದರಿಂದ ತಡವಾಯಿತೆಂದು ಕೈಬಿಡಬೇಕಾಗಿಲ್ಲ. ಮನವಿ ಪತ್ರದಲ್ಲಿ ಆ ಕೌಂಟಿಯೊಂದಿಗೆ ನಿಮಗಿರುವ ನಂಟನ್ನು ಮೊದಲ ಪ್ಯಾರಾದಲ್ಲಿಯೇ ಹೇಳಿ. ಅಲ್ಲಿಯೇ ಬೆಳೆದವರು, ಅಲ್ಲಿ ನೆಲೆಸಲಿರುವವರು ಎಂಬ ಸಂಗತಿಗೆ ಸ್ಥಳೀಯ ನ್ಯಾಯಾಧೀಶರು ಅಂಕಗಳಷ್ಟೇ ಬೆಲೆ ಕೊಡುತ್ತಾರೆ. ಬರವಣಿಗೆಯ ಮಾದರಿ ಹತ್ತು ಪುಟ ಮೀರದಿರಲಿ, ಮತ್ತು ಅದು ಪಾಂಡಿತ್ಯದ ಪ್ರಬಂಧವಾಗಿರದೆ ಒಂದು ವಿವಾದವನ್ನು ಎರಡೂ ಕಡೆಯಿಂದ ತೂಗಿ ನಿರ್ಣಯಕ್ಕೆ ಬಂದ ಟಿಪ್ಪಣಿಯಾಗಿರಲಿ. ಸಂದರ್ಶನದಲ್ಲಿ ನಿಮ್ಮ ಕಾನೂನು ಜ್ಞಾನಕ್ಕಿಂತ ಮಿಗಿಲಾಗಿ, ಪ್ರತಿದಿನ ಇವರೊಂದಿಗೆ ಒಂದೇ ಕೋಣೆಯಲ್ಲಿ ಕೆಲಸ ಮಾಡಬಹುದೇ ಎಂಬುದನ್ನು ನೋಡುತ್ತಾರೆ. ನ್ಯಾಯಾಧೀಶರು ಹುದ್ದೆ ನೀಡಿದಾಗ ತಕ್ಷಣ ಉತ್ತರಿಸುವುದು ಅಲ್ಲಿನ ಮರ್ಯಾದೆ, ಒಪ್ಪಿದ ಮೇಲೆ ಇನ್ನೊಂದು ಒಳ್ಳೆಯ ಅವಕಾಶ ಬಂತೆಂದು ಹಿಂದೆ ಸರಿಯುವುದು ದೊಡ್ಡ ಅಪರಾಧಕ್ಕೆ ಸಮ. ಆದ್ದರಿಂದ ಮನಸ್ಸಿಲ್ಲದ ಕಡೆ ಅರ್ಜಿಯನ್ನೇ ಹಾಕಬೇಡಿ.

ಭಾರತದಿಂದ ವಿದ್ಯಾರ್ಥಿ ವೀಸಾದ ಮೇಲೆ ಹೋದವರು ಇಲ್ಲಿ ಒಂದು ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಕಾನೂನು ಪದವಿಗೆ ಸಿಗುವ ಕೆಲಸದ ಅನುಮತಿ, ಅಂದರೆ ಒಪಿಟಿ, 12 ತಿಂಗಳಿನದು. ವಿಜ್ಞಾನ ತಂತ್ರಜ್ಞಾನದವರಿಗೆ ಸಿಗುವ ವಿಸ್ತರಣೆ ಇದಕ್ಕಿಲ್ಲ. ಓದು ಮುಗಿದ 60 ದಿನಗಳೊಳಗೆ ಅದು ಆರಂಭವಾಗಲೇಬೇಕು. ಮೇ ಮಧ್ಯದಲ್ಲಿ ಓದು ಮುಗಿದರೆ ಜುಲೈ ಮಧ್ಯಕ್ಕಿಂತ ಅದನ್ನು ಮುಂದೂಡಲಾಗದು, ಹಾಗಾದರೆ ಮರುವರ್ಷದ ಜುಲೈ ಮಧ್ಯಕ್ಕೆ ಅದು ಮುಗಿಯುತ್ತದೆ. ಹುದ್ದೆಯ ಅವಧಿಯಾದರೋ ಆಗಸ್ಟ್ ಕೊನೆಯವರೆಗೆ. ಸೆಪ್ಟೆಂಬರಿಗೆ ಮುಂಚಿನ ಖಾಲಿ ದಿನಗಳೂ ಕೆಲಸವಿಲ್ಲದೆ ಇರಬಹುದಾದ 90 ದಿನಗಳ ಮಿತಿಯಲ್ಲಿ ಎಣಿಕೆಯಾಗುತ್ತವೆ. ಕೊನೆಯ ಆರು ವಾರಗಳ ಈ ಕೊರತೆಯನ್ನು ಹುದ್ದೆ ಒಪ್ಪುವ ಮುನ್ನವೇ ನ್ಯಾಯಾಧೀಶರ ಕಚೇರಿಗೂ ನಿಮ್ಮ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೂ ತಿಳಿಸಿ ಇತ್ಯರ್ಥಪಡಿಸಿಕೊಳ್ಳಬೇಕು. ಫೆಡರಲ್ ನ್ಯಾಯಾಲಯಗಳಲ್ಲಿ ಪೌರರಲ್ಲದವರಿಗೆ ಸಂಬಳ ಕೊಡುವುದಕ್ಕೇ ಕಾನೂನಿನ ಅಡ್ಡಿಗಳಿವೆ. ರಾಜ್ಯದ ನ್ಯಾಯಾಲಯಗಳ ಷರತ್ತು ಆಯಾ ರಾಜ್ಯಕ್ಕೆ ಬೇರೆಯಾಗಿದ್ದು, ಪ್ರಕಟಣೆಯನ್ನು ಓದದೆ ಊಹಿಸಬಾರದು.

ಊರಿಗೆ ಮರಳಿ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯುವ ಯೋಚನೆಯಿದ್ದವರಿಗೆ ಇನ್ನೊಂದು ಮಾತು. 2025ರ ಮೇ 20ರಂದು ನ್ಯಾಯಮೂರ್ತಿ ಬಿ. ಆರ್. ಗವಾಯಿ ಅವರ ನೇತೃತ್ವದ ಸುಪ್ರೀಂ ಕೋರ್ಟ್ ಪೀಠ, ಆ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆಯನ್ನು ಮತ್ತೆ ಕಡ್ಡಾಯಗೊಳಿಸಿದಾಗ, ನ್ಯಾಯಾಧೀಶರ ಬಳಿ ಲಾ ಕ್ಲರ್ಕ್ ಆಗಿ ಕಳೆದ ಅವಧಿಯನ್ನೂ ಅದರಲ್ಲಿ ಸೇರಿಸಬೇಕೆಂದು ಹೇಳಿತು. ಆದರೆ ಆ ಮಾತು ಭಾರತದ ನ್ಯಾಯಾಧೀಶರ ಬಳಿ ಮಾಡಿದ ಕೆಲಸಕ್ಕೆ ಸಂಬಂಧಿಸಿದ್ದು. ಬೆಂಗಳೂರಿನ ಹೈಕೋರ್ಟಿನಲ್ಲಿ ಕಳೆದ ವರ್ಷಕ್ಕೆ ಸಿಗುವ ಈ ಲಾಭವನ್ನು ನ್ಯೂ ಬ್ರನ್ಸ್‌ವಿಕ್‌ನ ವರ್ಷದಿಂದ ನಿರೀಕ್ಷಿಸುವಂತಿಲ್ಲ.

ಹಣದ ವಿಷಯ ಚುಟುಕಾಗಿ ಹೇಳುವೆ. ಸಂಬಳ ದೊಡ್ಡ ಫರ್ಮಿನ ಸಂಬಳದ ಹತ್ತಿರಕ್ಕೂ ಬರುವುದಿಲ್ಲ. ಆದರೆ ಫೆಡರಲ್ ಶಿಕ್ಷಣ ಸಾಲ ಮಾಡಿದವರು ಮುಂದೆಯೂ ಸರ್ಕಾರಿ ಸೇವೆಯಲ್ಲಿ ಉಳಿಯುವುದಾದರೆ, 120 ಕಂತುಗಳ ನಂತರ ಉಳಿದ ಸಾಲ ಮನ್ನಾ ಆಗುವ ಸಾರ್ವಜನಿಕ ಸೇವಾ ಯೋಜನೆಯಲ್ಲಿ ಈ ವರ್ಷದ ಕಂತುಗಳೂ ಲೆಕ್ಕಕ್ಕೆ ಬರುತ್ತವೆ. ಅವಧಿಯಲ್ಲಿ ಬೇರೆ ವಕೀಲಿಕೆ ಮಾಡುವಂತಿಲ್ಲ. ಬಂಧುವಿನ ಮನೆ ಖರೀದಿ ಪತ್ರವನ್ನು ನೋಡಿಕೊಡು ಎಂಬ ಕೋರಿಕೆಗೂ ವಿನಯದಿಂದ ಇಲ್ಲವೆನ್ನಬೇಕು.

ಸೇರಿದ ಮೇಲೆ ವರ್ಷವನ್ನು ದುಡಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ನಿಮ್ಮ ಕರಡಿಗೂ ಹೊರಬಿದ್ದ ಆದೇಶಕ್ಕೂ ಇರುವ ವ್ಯತ್ಯಾಸವನ್ನು ಪ್ರತಿಸಲ ಪಕ್ಕಪಕ್ಕ ಇಟ್ಟು ನೋಡಿ, ಅರ್ಥವಾಗದ ಬದಲಾವಣೆಯ ಕಾರಣವನ್ನು ಬಿಡುವಿನ ಹೊತ್ತಿನಲ್ಲಿ ಕೇಳಿ. ನಿಮ್ಮ ಕೋರ್ಟಿನಲ್ಲಿ ಕಲಾಪ ಇಲ್ಲದ ದಿನ, ಒಪ್ಪಿಗೆ ಪಡೆದು, ಬೇರೆ ನ್ಯಾಯಾಧೀಶರ ಜೂರಿ ವಿಚಾರಣೆಯನ್ನು ಹೋಗಿ ನೋಡಿ. ಕೌಂಟಿ ವಕೀಲರ ಸಂಘದ ಸಭೆಗಳಿಗೆ ಹೋಗಬಹುದು, ಆದರೆ ಅಲ್ಲಿ ಯಾವ ಬಾಕಿ ಪ್ರಕರಣದ ಬಗ್ಗೆಯೂ ಬಾಯಿ ಬಿಡಬಾರದು; ಛೇಂಬರಿನ ಮಾತು ಮನೆಯವರ ಕಿವಿಗೂ ಬೀಳಬಾರದು ಎಂಬಷ್ಟು ಬಿಗಿಯಾದ ಗೋಪ್ಯತೆ ಈ ಹುದ್ದೆಯದು. ಕರಡೊಂದನ್ನು ಮುಂದಿನ ಉದ್ಯೋಗಕ್ಕೆ ಬರವಣಿಗೆಯ ಮಾದರಿಯಾಗಿ ಕೊಡಬೇಕಾದರೆ ನ್ಯಾಯಾಧೀಶರ ಅನುಮತಿ ಬೇಕು.

ಮುಂದಿನ ಕೆಲಸದ ಹುಡುಕಾಟವನ್ನು ಜನವರಿಯ ಹೊತ್ತಿಗೆ ಆರಂಭಿಸಿ, ಆದರೆ ಯಾವ ಫರ್ಮಿಗೆ ಪತ್ರ ಬರೆಯುವುದಕ್ಕೂ ಮೊದಲು ಪಟ್ಟಿಯನ್ನು ನ್ಯಾಯಾಧೀಶರಿಗೆ ತೋರಿಸಿ. ನೀವು ಖುದ್ದಾಗಿ ಕೆಲಸ ಮಾಡುತ್ತಿರುವ ಪ್ರಕರಣದ ಕಕ್ಷಿದಾರರೊಡನೆಯೋ ವಕೀಲರೊಡನೆಯೋ ಉದ್ಯೋಗದ ಮಾತುಕತೆ ನಡೆಸುವ ಮುನ್ನ ನ್ಯಾಯಾಧೀಶರಿಗೆ ತಿಳಿಸಬೇಕೆಂದು ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮ 1.12 ಹೇಳುತ್ತದೆ, ರಾಜ್ಯದ ನಿಯಮ ಇದಕ್ಕಿಂತ ಬಿಗಿಯಾಗಿರಬಹುದಾದ್ದರಿಂದ ಅದನ್ನೂ ಓದಿಕೊಳ್ಳಿ. ತಿಳಿಸಿದ ಮೇಲೆ ಆ ಫರ್ಮಿನ ಪ್ರಕರಣಗಳಿಂದ ನಿಮ್ಮನ್ನು ದೂರ ಇಡಲಾಗುತ್ತದೆ, ಅದರಲ್ಲಿ ಮುಜುಗರಪಡುವಂಥದ್ದು ಏನೂ ಇಲ್ಲ. ನೀವು ಟಿಪ್ಪಣಿ ಬರೆದ ಪ್ರತಿಯೊಂದು ಪ್ರಕರಣದ ಹೆಸರು ಮತ್ತು ಸಂಖ್ಯೆಯನ್ನು, ಬೇರೇನನ್ನೂ ಸೇರಿಸದೆ, ಮೊದಲ ವಾರದಿಂದಲೇ ಒಂದು ಪಟ್ಟಿಯಲ್ಲಿ ಗುರುತಿಸುತ್ತ ಬನ್ನಿ, ಕೊನೆಯ ದಿನ ನ್ಯಾಯಾಧೀಶರ ಒಪ್ಪಿಗೆ ಪಡೆದು ಅದರ ಪ್ರತಿಯನ್ನು ಜೊತೆಗೆ ತೆಗೆದುಕೊಂಡು ಹೋಗಿ. ನಿಮ್ಮನ್ನು ಯಾವ ಪ್ರಕರಣಗಳಿಂದ ದೂರ ಇಡಬೇಕೆಂದು ತಿಳಿಯಲು ಹೊಸ ಕಚೇರಿಗೆ ಸೇರಿದ ಮೊದಲ ದಿನವೇ ಅಲ್ಲಿಯವರು ಅದನ್ನು ಕೇಳುತ್ತಾರೆ.